ಇಸಿಟಿ ಒಬ್ಬರಿಗೆ ನಾಟುತ್ತದೆ, ಇನ್ನೊಬ್ಬರಿಗೆ ನಾಟುವುದಿಲ್ಲ, ಯಾಕೆ?

ಇಸಿಟಿ ಅಂದರೆ ಎಲೆಕ್ಟ್ರೋಕನ್ವಲ್ಸಿವ್ ಥೆರಪಿ, ತಲೆಗೆ ಕರೆಂಟ್ ಕೊಟ್ಟು ಫಿಟ್ಸ್ (ಸೆಳೆತ) ಬರಿಸಿ ಮಾನಸಿಕ ಕಾಯಿಲೆಗೆ ಮಾಡುವ ಚಿಕಿತ್ಸೆ. "ಇಸಿಟಿ ಕೊಡಿಸಿದ್ವಿ, ಏನೂ ಉಪಯೋಗ ಆಗ್ಲಿಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಪ್ರಶ್ನೆ: ಯಾವ ಇಸಿಟಿ? ಎಲೆಕ್ಟ್ರೋಡ್ (ತಲೆಗೆ ಕರೆಂಟ್ ತಲುಪಿಸುವ ತುಂಡು) ಎಲ್ಲಿಟ್ಟಿದ್ದರು, ಡೋಸ್ (ಕೊಡುವ ವಿದ್ಯುತ್ತಿನ ಪ್ರಮಾಣ) ಎಷ್ಟು, ವಾರಕ್ಕೆ ಎಷ್ಟು ಸಲ, ಎಷ್ಟನೇ ಸಲಕ್ಕೆ ನಿಲ್ಲಿಸಿದರು, ನಿಲ್ಲಿಸಿದ ಮೇಲೆ ಏನು ಕೊಟ್ಟರು? ಇದೇನು ತಲೆಹರಟೆ ಪ್ರಶ್ನೆ ಅನ್ನಿಸಬಹುದು. ಆದರೆ ಒಂದೇ ಕಾಯಿಲೆಯವರಿಗೆ, ಅದೇ ತರಹದ ಮೆಷಿನ್‌ನಿಂದ, ಕೊಡುವ ರೀತಿಯನ್ನು ಮಾತ್ರ ಬದಲಿಸಿ ನೋಡಿದಾಗ ಒಂದು ಗುಂಪಿನಲ್ಲಿ ನೂರಕ್ಕೆ 17 ಜನ ಸುಧಾರಿಸಿದರು, ಇನ್ನೊಂದರಲ್ಲಿ 65 ಜನ. ಆ ಲೆಕ್ಕಕ್ಕೆ ಮುಂದೆ ಬರುತ್ತೇನೆ.

ಮೊದಲು ಹಳೇ ಚಿತ್ರವನ್ನು ಬದಿಗಿಡೋಣ. 1934ರಲ್ಲಿ ಬುಡಾಪೆಸ್ಟ್‌ನ ಲಾಡಿಸ್ಲಾಸ್ ಮೆದುನಾ ಎಂಬ ವೈದ್ಯರು ಕರ್ಪೂರ ಬೆರೆಸಿದ ಎಣ್ಣೆಯನ್ನು ಚುಚ್ಚಿ, ಬೇಕಂತಲೇ ಫಿಟ್ಸ್ ಬರಿಸಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಶುರು ಮಾಡಿದರು. 1938ರಲ್ಲಿ ರೋಮ್‌ನಲ್ಲಿ ಉಗೋ ಚೆರ್ಲೆಟ್ಟಿ ಮತ್ತು ಲೂಚಿಯೋ ಬಿನಿ ಅದೇ ಕೆಲಸಕ್ಕೆ ಕರೆಂಟ್ ಬಳಸಿದರು. ಆಗ ಅರಿವಳಿಕೆ ಇರಲಿಲ್ಲ, ಸ್ನಾಯು ಸಡಿಲಿಸುವ ಔಷಧಿ ಇರಲಿಲ್ಲ, ಸೆಳೆತದ ರಭಸಕ್ಕೆ ಮೂಳೆ ಮುರಿದದ್ದೂ ಉಂಟು. ಸಿನಿಮಾದವರು ಇವತ್ತಿಗೂ ತೋರಿಸೋದು ಅದನ್ನೇ.

ಈಗ ಆ ಕೋಣೆಯಲ್ಲಿ ನಡೆಯೋದು ಬೇರೆ. ರೋಗಿ ಖಾಲಿ ಹೊಟ್ಟೆಯಲ್ಲಿ ಮಲಗಿರುತ್ತಾರೆ, ಕೈಗೆ ಸೂಜಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್. ಒಂದು ಕಾಲಿನ ಪಾದದ ಗಂಟಿನ ಮೇಲೆ ಬಿಪಿ ನೋಡುವ ಪಟ್ಟಿ ಸುತ್ತಿರುತ್ತಾರೆ. ಅರಿವಳಿಕೆ ಕೊಟ್ಟು ನಿದ್ದೆ ಬಂದಮೇಲೆ ಆ ಪಟ್ಟಿಯನ್ನು ಬಿಗಿಯಾಗಿ ಉಬ್ಬಿಸುತ್ತಾರೆ. ಆಮೇಲೆ ಸಕ್ಸಿನೈಲ್‌ಕೋಲೀನ್, ಅಂದರೆ ಸ್ನಾಯು ಸಡಿಲಿಸುವ ಔಷಧಿ. ಅದು ಹರಡುವಾಗ ಮುಖದಿಂದ ಕಾಲಿನವರೆಗೆ ಚರ್ಮದಡಿಯಲ್ಲಿ ಸಣ್ಣ ಅದುರು ಓಡುವುದು ಕಣ್ಣಿಗೆ ಕಾಣುತ್ತದೆ. ಅದು ನಿಂತ ಮೇಲೆ ಹಲ್ಲಿನ ನಡುವೆ ರಬ್ಬರ್ ತುಂಡು ಇಟ್ಟು ಕರೆಂಟ್ ಕೊಡುತ್ತಾರೆ, ಕೆಲವೇ ಸೆಕೆಂಡು. ದವಡೆ ಬಿಗಿಯುತ್ತದೆ, ಉಳಿದ ಮೈ ಹೆಚ್ಚುಕಡಿಮೆ ಅಲುಗಾಡುವುದಿಲ್ಲ. ಆದರೆ ಪಟ್ಟಿ ಬಿಗಿದ ಪಾದ ಮಾತ್ರ ಲಯಬದ್ಧವಾಗಿ ಅದುರುತ್ತದೆ, ಯಾಕಂದ್ರೆ ಅಲ್ಲಿಗೆ ರಕ್ತದ ಜೊತೆ ಔಷಧಿ ಹೋಗಲು ಬಿಟ್ಟಿಲ್ಲ. ಮಿದುಳಿನಲ್ಲಿ ಸೆಳೆತ ನಡೀತಿದೆ ಅನ್ನೋದಕ್ಕೆ ಮೈಮೇಲೆ ಕಾಣುವ ಸಾಕ್ಷಿ ಆ ಒಂದು ಪಾದ. ತಲೆಯ ಬಲಭಾಗಕ್ಕೆ ಮಾತ್ರ ಕರೆಂಟ್ ಕೊಡುವಾಗ ಪಟ್ಟಿಯನ್ನು ಬಲಗಾಲಿಗೇ ಕಟ್ಟುತ್ತಾರೆ. ಬಲಗಾಲನ್ನು ಆಡಿಸೋದು ಎಡ ಮಿದುಳು. ಹಾಗಾಗಿ ಬಲಪಾದ ಅದುರಿತು ಅಂದರೆ ಬಲಗಡೆ ಶುರುವಾದ ಸೆಳೆತ ಎಡಗಡೆಗೂ ಹರಡಿತು ಎಂದರ್ಥ. ಇಷ್ಟು ಸರಳವಾದ, ಇಷ್ಟು ಜಾಣತನದ ಉಪಾಯ ವೈದ್ಯಕೀಯದಲ್ಲಿ ಜಾಸ್ತಿ ಇಲ್ಲ.

ಇನ್ನು ಅಸಲು ವಿಷಯ. ತುಂಬಾ ವರ್ಷ ಎಲ್ಲರೂ ನಂಬಿದ್ದು ಏನಂದರೆ, ಗುಣ ಮಾಡೋದು ಫಿಟ್ಸ್. ಕರೆಂಟ್ ಅದನ್ನು ಬರಿಸುವ ಸಾಧನ ಅಷ್ಟೇ. ಅಂದರೆ ಹೇಗಾದರೂ ಸರಿ, ಸಾಕಷ್ಟು ಹೊತ್ತು ಸೆಳೆತ ಬಂದರೆ ಆಯಿತು. 1993ರಲ್ಲಿ ಹೆರಾಲ್ಡ್ ಸ್ಯಾಕೈಮ್ ಮತ್ತು ಜೊತೆಗಾರರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ತೀವ್ರ ಖಿನ್ನತೆ ಇದ್ದ 96 ಜನರನ್ನು ನಾಲ್ಕು ಗುಂಪು ಮಾಡಿದರು: ಎಲೆಕ್ಟ್ರೋಡ್ ಬಲಗಡೆ ಮಾತ್ರ ಅಥವಾ ಎರಡೂ ಕಡೆ, ಡೋಸ್ ಕಡಿಮೆ ಅಥವಾ ಜಾಸ್ತಿ. ಬಲಗಡೆ ಕಡಿಮೆ ಡೋಸ್ ಕೊಟ್ಟವರಲ್ಲಿ 17 ಶೇಕಡಾ ಸುಧಾರಿಸಿದರು. ಬಲಗಡೆಗೇ ಡೋಸ್ ಏರಿಸಿದಾಗ 43. ಎರಡೂ ಕಡೆ ಇಟ್ಟಾಗ ಕಡಿಮೆ ಡೋಸ್‌ಗೆ 65, ಜಾಸ್ತಿ ಡೋಸ್‌ಗೆ 63. ಗಮನಿಸಿ, ಫಿಟ್ಸ್ ನಾಲ್ಕೂ ಗುಂಪಿನಲ್ಲಿ ಬಂದಿತ್ತು. ಹೊರಗಿನಿಂದ ನೋಡಿದರೆ ಎಲ್ಲರಿಗೂ "ಇಸಿಟಿ ಆಯಿತು". ಆದರೆ ಮೊದಲ ಗುಂಪಿನವರಿಗೆ ಆದದ್ದು ಹೆಚ್ಚುಕಡಿಮೆ ಸುಮ್ನೆ ಸೆಳೆತ, ಚಿಕಿತ್ಸೆ ಅಲ್ಲ.

ಹಾಗಾದರೆ ಎಲ್ಲರಿಗೂ ಎರಡೂ ಕಡೆ ಇಟ್ಟು, ಡೋಸ್ ಏರಿಸಿಬಿಟ್ಟರೆ ಮುಗೀತಲ್ವಾ? ಇಲ್ಲ. ಎರಡೂ ಕಡೆ ಕೊಟ್ಟರೆ ನೆನಪಿಗೆ ಬೀಳುವ ಪೆಟ್ಟು ಜಾಸ್ತಿ. ಡೋಸ್ ಏರಿದಷ್ಟೂ ಗೊಂದಲ, ಮರೆವು ಏರುತ್ತದೆ. ಇಸಿಟಿಯನ್ನು ಸುಧಾರಿಸುವ ಕಥೆ ಇಡೀ ಈ ಎರಡರ ನಡುವಿನ ಹಗ್ಗಜಗ್ಗಾಟ.

ಇದನ್ನು ಅರ್ಥ ಮಾಡ್ಕೊಳ್ಳಲು ಒಂದು ಮಾತು ಗೊತ್ತಿರಬೇಕು, ಅದು ಸೆಳೆತದ ಹೊಸ್ತಿಲು. ಒಬ್ಬ ವ್ಯಕ್ತಿಗೆ ಫಿಟ್ಸ್ ಬರಿಸಲು ಕನಿಷ್ಠ ಎಷ್ಟು ವಿದ್ಯುತ್ ಬೇಕೋ ಅದು ಅವರ ಹೊಸ್ತಿಲು. ಇದು ಒಬ್ಬರಿಂದ ಒಬ್ಬರಿಗೆ ಹಲವಾರು ಪಟ್ಟು ಬದಲಾಗುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ಹೆಚ್ಚು, ವಯಸ್ಸಾದಂತೆ ಹೆಚ್ಚು, ಎರಡೂ ಕಡೆ ಎಲೆಕ್ಟ್ರೋಡ್ ಇಟ್ಟರೆ ಬಲಗಡೆಗಿಂತ ಹೆಚ್ಚು. ಹೀಗಿರುವಾಗ ಬಂದವರಿಗೆಲ್ಲ ಒಂದೇ ಡೋಸ್ ಕೊಟ್ಟರೆ ಕೆಲವರಿಗೆ ಅದು ಸಾಲದು, ಕೆಲವರಿಗೆ ಅನಗತ್ಯವಾಗಿ ಜಾಸ್ತಿ. ಬರೀ ವಯಸ್ಸು ನೋಡಿ ಡೋಸ್ ಇಡುವ ಪದ್ಧತಿಯೂ ಇದೆ, ಸುಲಭ, ಆದರೆ ಅಂದಾಜು. ಸರಿಯಾದ ದಾರಿ ಅಂದರೆ ಮೊದಲ ಸಲ ಸಣ್ಣ ಡೋಸ್‌ನಿಂದ ಶುರು ಮಾಡಿ, ಫಿಟ್ಸ್ ಬರದಿದ್ದರೆ ಸ್ವಲ್ಪ ಕಾದು ಇನ್ನೊಂದು ಮೆಟ್ಟಿಲು ಏರಿಸಿ, ಆ ವ್ಯಕ್ತಿಯ ಹೊಸ್ತಿಲನ್ನು ಅಳೆಯುವುದು. ಎರಡನೇ ಸಲದಿಂದ ಅದರ ಆಧಾರದ ಮೇಲೆ ಚಿಕಿತ್ಸೆಯ ಡೋಸ್: ಎರಡೂ ಕಡೆ ಇಟ್ಟರೆ ಹೊಸ್ತಿಲಿನ ಒಂದೂವರೆಯಿಂದ ಎರಡೂವರೆ ಪಟ್ಟು, ಬಲಗಡೆ ಮಾತ್ರ ಇಟ್ಟರೆ ಸುಮಾರು ಆರು ಪಟ್ಟು.

ಆರು ಪಟ್ಟು ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂದರೆ, 1993ರ ಫಲಿತಾಂಶ ನೋಡಿದ ಅದೇ ತಂಡ ಬಲಗಡೆಗೆ ಡೋಸ್ ಇನ್ನೂ ಏರಿಸಿ ನೋಡಿತು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸ್ತಿಲಿನ ಆರು ಪಟ್ಟು ಕೊಟ್ಟಾಗ ಬಲಗಡೆಯ ಇಸಿಟಿ ಎರಡೂ ಕಡೆಯದಕ್ಕೆ ಸಮನಾಗಿ ಕೆಲಸ ಮಾಡಿತು, ನೆನಪಿನ ತೊಂದರೆ ಕಡಿಮೆ ಇತ್ತು. ಡಬ್ಲಿನ್‌ನಲ್ಲಿ 138 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಫಲ ಕಡಿಮೆ ಇಲ್ಲ, ಬದುಕಿನ ಹಳೇ ನೆನಪುಗಳು ಉಳಿಯೋದು ಬಲಗಡೆಯದರಲ್ಲಿ ಮೇಲು. "ಬಲಗಡೆ ಇಸಿಟಿ ಅಷ್ಟಕ್ಕಷ್ಟೇ" ಅಂತ ಹಳಬರು ಹೇಳೋದು ಕೇಳಿದ್ದರೆ, ಅವರು ನೋಡಿದ್ದು ಬಹುಶಃ ಕಡಿಮೆ ಡೋಸಿನದು. ಹಾಗಂತ ಎರಡೂ ಕಡೆಯದನ್ನು ಕೈಬಿಡಬೇಕಾಗಿಲ್ಲ. ಊಟ ನೀರು ಬಿಟ್ಟು ಜೀವಕ್ಕೇ ಅಪಾಯ ಇದ್ದಾಗ, ಬೇಗ ಫಲ ಬೇಕಾದಾಗ, ಅಥವಾ ಬಲಗಡೆಯದು ನಾಟದೇ ಹೋದಾಗ ವೈದ್ಯರು ಅದಕ್ಕೇ ಬರುತ್ತಾರೆ.

ಎಲೆಕ್ಟ್ರೋಡ್ ಇಡೋದು ಸಣ್ಣ ಕೆಲಸ ಅಂತ ಕಾಣುತ್ತದೆ, ಎಡವಟ್ಟು ಆಗೋದೂ ಅಲ್ಲೇ. ಬಲಗಡೆಯ ವಿಧಾನದಲ್ಲಿ ಒಂದು ಬಲ ಕಣತಲೆಯ ಮೇಲೆ (ಕಣ್ಣು ಮತ್ತು ಕಿವಿಯ ನಡುವಿನ ಜಾಗ), ಇನ್ನೊಂದು ನಡುನೆತ್ತಿಯ ಸ್ವಲ್ಪ ಬಲಕ್ಕೆ. ಕೂದಲಿನ ಮೇಲೆ ಇಡಬೇಕಲ್ಲ ಎಂಬ ಬೇಸರಕ್ಕೆ ಎರಡನೆಯದನ್ನು ಕೆಳಗೆ ಜಾರಿಸಿದರೆ ಎರಡೂ ಹತ್ತಿರ ಬಂದು, ಕರೆಂಟ್ ತಲೆಬುರುಡೆ ದಾಟುವ ಬದಲು ಚರ್ಮದಲ್ಲೇ ಹರಿದು ಹೋಗುತ್ತದೆ. ನಡುವೆ ಜೆಲ್ ಹರಡಿಕೊಂಡರೂ ಅಷ್ಟೇ. ಮೆಷಿನ್‌ನಲ್ಲಿ ಡೋಸ್ ಸರಿಯಾಗಿಯೇ ಕಾಣುತ್ತದೆ, ಮಿದುಳಿಗೆ ತಲುಪಿದ್ದು ಮಾತ್ರ ಕಡಿಮೆ. ಚರ್ಮವನ್ನು ಚೆನ್ನಾಗಿ ಒರೆಸಿ, ಒತ್ತಿ ಹಿಡಿದು, ಸಂಪರ್ಕ ಸರಿಯಿದೆಯಾ ಅಂತ ಮೆಷಿನ್‌ನಲ್ಲಿ ನೋಡಿಯೇ ಮುಂದೆ ಹೋಗಬೇಕು.

ಕರೆಂಟ್‌ನ ಆಕಾರವೂ ಬದಲಾಗಿದೆ. ಹಳೇ ಮೆಷಿನ್‌ಗಳು ಗೋಡೆಯ ಸಾಕೆಟ್‌ನಲ್ಲಿ ಬರುವಂಥ ಏರಿಳಿತದ ಅಲೆಯನ್ನೇ ಕೊಡುತ್ತಿದ್ದವು, ಅದರಲ್ಲಿ ಬಹುಪಾಲು ಶಕ್ತಿ ಕೆಲಸಕ್ಕೆ ಬಾರದೆ ಮರೆವನ್ನಷ್ಟೇ ಹೆಚ್ಚಿಸುತ್ತಿತ್ತು. ಈಗ ಸಣ್ಣ ಸಣ್ಣ ಮಿಡಿತಗಳು, ಒಂದೊಂದೂ 0.5ರಿಂದ 1.5 ಮಿಲಿಸೆಕೆಂಡು. ಅದಕ್ಕಿಂತ ಚಿಕ್ಕದು, 0.3 ಮಿಲಿಸೆಕೆಂಡಿನದು, ಅತಿಸಣ್ಣ ಮಿಡಿತ. ಇದು ನೆನಪಿಗೆ ಬಹಳ ಹಗುರ. ಆದರೆ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರೆ ಫಲ ಒಂದು ಕೈ ಕಡಿಮೆ, ಸುಧಾರಿಸಲು ಬೇಕಾಗುವ ಸಲಗಳೂ ಜಾಸ್ತಿ. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಿಗೆ ನಿಧಾನ ಆಗಲ್ಲ. ಓದು, ಕೆಲಸ ನಡೆಯುತ್ತಿರುವ, ತುರ್ತು ಇಲ್ಲದವರಿಗೆ ಅದೇ ಒಳ್ಳೆಯ ಆರಂಭ. ಆರು ಸಲ ಆದರೂ ಏನೂ ಅಲುಗದಿದ್ದರೆ ಅದನ್ನೇ ಎಳೆಯದೆ, ಡೋಸ್ ಏರಿಸೋದೋ, ಮಿಡಿತ ಉದ್ದ ಮಾಡೋದೋ, ಎಲೆಕ್ಟ್ರೋಡ್ ಜಾಗ ಬದಲಿಸೋದೋ ಏನಾದರೂ ಮಾಡಬೇಕು. "ಇಸಿಟಿ ಫೇಲ್" ಎಂದು ಬರೆಯುವ ಮುಂಚೆ ಇಷ್ಟಂತೂ ಆಗಿರಬೇಕು ಅನ್ನೋದು ನನ್ನ ಮಾತು.

ಅರಿವಳಿಕೆಯವರ ಪಾತ್ರವನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ, ಆದರೆ ಅರ್ಧ ಆಟ ಅವರದೇ. ಅರಿವಳಿಕೆ ಔಷಧಿಗಳಲ್ಲಿ ಬಹುತೇಕ ಎಲ್ಲವೂ ಸೆಳೆತವನ್ನು ಅಡಗಿಸುವಂಥವು. ಪ್ರೊಪೊಫಾಲ್ ಸೆಳೆತವನ್ನು ಗಿಡ್ಡ ಮಾಡುತ್ತದೆ. ಎಟೊಮಿಡೇಟ್, ಕೆಟಮಿನ್ ಅಷ್ಟು ಅಡ್ಡ ಬರುವುದಿಲ್ಲ. ಹಾಗಾಗಿ ಫಿಟ್ಸ್ ಸರಿಯಾಗಿ ಬರುತ್ತಿಲ್ಲ ಅಂದಾಗ ಡೋಸ್ ಏರಿಸುವ ಮುಂಚೆ ಅರಿವಳಿಕೆ ಜಾಸ್ತಿ ಆಯಿತಾ ಅಂತ ನೋಡಬೇಕು. ಅರಿವಳಿಕೆ ಕೊಟ್ಟದ್ದಕ್ಕೂ ಕರೆಂಟ್ ಕೊಡುವುದಕ್ಕೂ ನಡುವೆ ಸ್ವಲ್ಪ ಅಂತರ ಬಿಟ್ಟರೆ, ಅದರ ಪ್ರಭಾವ ಇಳಿಯತೊಡಗಿ ಸೆಳೆತದ ಗುಣಮಟ್ಟ ಸುಧಾರಿಸುತ್ತದೆ. ತೀರಾ ತಡವಾದರೆ ರೋಗಿಗೆ ಎಚ್ಚರ ಆಗಿಬಿಡಬಹುದು, ಅದೂ ಸ್ನಾಯು ಸಡಿಲವಾಗಿ ಬೆರಳು ಕೂಡ ಅಲುಗಿಸಲಾಗದ ಸ್ಥಿತಿಯಲ್ಲಿ. ಅದನ್ನು ಯಾರಿಗೂ ಅನುಭವಿಸಲು ಬಿಡಬಾರದು, ಹಾಗಾಗಿ ಗಡಿಯಾರ ನೋಡಿಕೊಂಡೇ ಮಾಡುವ ಕೆಲಸ. ಇನ್ನೊಂದು ಖರ್ಚಿಲ್ಲದ ಉಪಾಯ: ಕರೆಂಟ್ ಕೊಡುವ ಮೊದಲು ಮಾಸ್ಕ್‌ನಿಂದ ಬೇಗ ಬೇಗ ಉಸಿರು ಕೊಡುವುದು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಸೆಳೆತ ಬಲವಾಗುತ್ತದೆ.

ರೋಗಿ ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಗಳನ್ನೂ ನೋಡಬೇಕು. ನಿದ್ದೆಗೆ, ಆತಂಕಕ್ಕೆ ಕೊಡುವ ಲೊರಾಜೆಪಾಮ್, ಕ್ಲೋನಾಜೆಪಾಮ್ ತರಹದವು, ಮೂಡ್ ಸ್ಥಿರಗೊಳಿಸಲು ಕೊಡುವ ವ್ಯಾಲ್ಪ್ರೊಯೇಟ್‌ನಂಥ ಫಿಟ್ಸ್ ಮಾತ್ರೆಗಳು, ಇವೆಲ್ಲ ಹೊಸ್ತಿಲನ್ನು ಏರಿಸುತ್ತವೆ. ಒಂದು ಕೈಯಲ್ಲಿ ಫಿಟ್ಸ್ ತಡೆಯುವ ಮಾತ್ರೆ, ಇನ್ನೊಂದು ಕೈಯಲ್ಲಿ ಫಿಟ್ಸ್ ಬರಿಸುವ ಮೆಷಿನ್! ಇವುಗಳನ್ನು ಕಡಿಮೆ ಮಾಡೋದಾ, ಹಿಂದಿನ ರಾತ್ರಿಯದನ್ನು ಬಿಡೋದಾ ಅನ್ನೋದನ್ನು ವೈದ್ಯರೇ ಹೇಳಬೇಕು, ಮನೆಯಲ್ಲಿ ತಾವೇ ನಿಲ್ಲಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ. ಆದರೆ ಏನೇನು ತಗೊಳ್ತಿದ್ದಾರೆ ಅನ್ನೋದನ್ನು ಪೂರ್ತಿ ಹೇಳುವುದು ಮನೆಯವರ ಕೆಲಸ, ರಾತ್ರಿ ನಿದ್ದೆಗೆ ಸುಮ್ನೆ ನುಂಗಿದ ಅರ್ಧ ಮಾತ್ರೆಯನ್ನೂ ಸೇರಿಸಿ.

ಸೆಳೆತ ಒಳ್ಳೆಯದಿತ್ತಾ ಅಂತ ತಿಳಿಯೋದು ಹೇಗೆ? ಹಿಂದೆ ಸೆಕೆಂಡು ಎಣಿಸುತ್ತಿದ್ದರು, ಇಪ್ಪತ್ತೋ ಇಪ್ಪತ್ತೈದೋ ದಾಟಿದರೆ ಪಾಸ್. ಈಗ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಕಾಗದದ ಮೇಲೆ ಬೇರೆ ಗುರುತುಗಳನ್ನು ಹುಡುಕುತ್ತಾರೆ: ಅಲೆಗಳು ಎತ್ತರವಾಗಿವೆಯಾ, ಎಡಬಲ ಒಂದೇ ತರಹ ಇವೆಯಾ, ನಾಡಿಬಡಿತ ಚೆನ್ನಾಗಿ ಏರಿತಾ, ಮತ್ತು ಮುಗಿಯುವಾಗ ಗೆರೆ ತಟ್ಟನೆ ಸಪಾಟಾಯಿತಾ. ಕೊನೆಯದು ಮುಖ್ಯ. ಅಲೆ ಥಟ್ಟನೆ ನಿಂತು ಗೆರೆ ಮಲಗಿದರೆ ಮಿದುಳು ತಾನೇ ಸೆಳೆತವನ್ನು ಬಲವಾಗಿ ಅಡಗಿಸಿತು ಎಂದರ್ಥ. ಗುಣ ಆಗೋದಕ್ಕೂ ಈ ಅಡಗಿಸುವಿಕೆಗೂ ಸಂಬಂಧ ಇದೆ ಅನ್ನೋ ವಾದ ಹಳೆಯದು. ಚಿಕಿತ್ಸೆ ಮುಂದುವರಿದಂತೆ ಹೊಸ್ತಿಲು ಏರುತ್ತಾ ಹೋಗೋದೂ ಅದಕ್ಕೇ ಇರಬಹುದು. ಹಾಗಾಗಿ ಮೊದಲ ದಿನ ಇಟ್ಟ ಡೋಸ್ ಎಂಟನೇ ಸಲಕ್ಕೆ ಸಾಲದೇ ಹೋಗಬಹುದು, ಪ್ರತಿ ಸಲ ಕಾಗದ ನೋಡಿ ತೀರ್ಮಾನಿಸಬೇಕು.

ಯಾರಿಗೆ ಕೊಡುತ್ತೇವೆ ಅನ್ನೋದರಲ್ಲೂ ಫಲ ಅಡಗಿದೆ. ಭ್ರಮೆ, ಭ್ರಾಂತಿ ಜೊತೆಗಿರುವ ಖಿನ್ನತೆಗೆ ಇಸಿಟಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತು ನಿಂತು, ಮೈ ಕಲ್ಲಿನಂತೆ ಬಿಗಿಯುವ ಕ್ಯಾಟಟೋನಿಯಾಕ್ಕೆ ಲೊರಾಜೆಪಾಮ್ ನಾಟದಿದ್ದಾಗ ಇದಕ್ಕಿಂತ ದೊಡ್ಡ ಆಯುಧ ಇಲ್ಲ. ವಯಸ್ಸಾದವರಲ್ಲಿ ಫಲ ಕಡಿಮೆ ಅಂತ ಜನ ಅಂದುಕೊಂಡಿದ್ದಾರೆ, ವಾಸ್ತವ ತಿರುಗಾಮುರುಗಾ. ಕಾಯಿಲೆ ಎಷ್ಟು ವರ್ಷ ಎಳೆದಿದೆಯೋ ಅಷ್ಟು ಫಲ ಇಳಿಯುತ್ತದೆ, ಅಂದರೆ "ಎಲ್ಲ ಮುಗಿದ ಮೇಲೆ ಕೊನೆಗೆ ಇಸಿಟಿ" ಅನ್ನೋ ಪದ್ಧತಿಯೇ ಅದರ ಹೆಸರನ್ನು ಕೆಡಿಸುತ್ತಿದೆ. ಭ್ರಮೆ, ಭ್ರಾಂತಿ ಬರುವ ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ, ಬೇರೆ ಔಷಧಿ ಸೋತಾಗ ಕೊಡುವ ಕ್ಲೋಜಪಿನ್ ಕೂಡ ನಾಟದವರ ಬಗ್ಗೆ 2015ರಲ್ಲಿ ಒಂದು ಸಣ್ಣ ಅಧ್ಯಯನ ಬಂತು: ಕ್ಲೋಜಪಿನ್ ಜೊತೆ ಇಸಿಟಿ ಸೇರಿಸಿದಾಗ ಅರ್ಧದಷ್ಟು ಜನ ಸುಧಾರಿಸಿದರು, ಕ್ಲೋಜಪಿನ್ ಒಂದನ್ನೇ ಮುಂದುವರಿಸಿದವರಲ್ಲಿ ಒಬ್ಬರೂ ಇಲ್ಲ.

ರೋಗಿ ಯಾರು, ವಿಧಾನ ಯಾವುದು ಅನ್ನೋದು ಎಷ್ಟು ಮುಖ್ಯ ಅಂತ ನೋಡಲು ಕೆಟಮಿನ್ (ಮೇಲೆ ಹೇಳಿದ ಅರಿವಳಿಕೆ ಔಷಧಿಯೇ, ಖಿನ್ನತೆಗೂ ಕೊಡುತ್ತಾರೆ) ಜೊತೆಗಿನ ಹೋಲಿಕೆ ಸಾಕು. 2022ರ ಸ್ವೀಡನ್ ಅಧ್ಯಯನದಲ್ಲಿ ಇಸಿಟಿ ಪಡೆದವರಲ್ಲಿ 63 ಶೇಕಡಾ ಪೂರ್ತಿ ಚೇತರಿಸಿಕೊಂಡರು, ಕೆಟಮಿನ್ ಪಡೆದವರಲ್ಲಿ 46. ಮರುವರ್ಷ ಅಮೆರಿಕದ ಅಧ್ಯಯನದಲ್ಲಿ ಉಲ್ಟಾ: ಕೆಟಮಿನ್‌ಗೆ 55 ಶೇಕಡಾ ಸುಧಾರಣೆ, ಇಸಿಟಿಗೆ 41. ಪತ್ರಿಕೆಗಳು ಇಸಿಟಿ ಸೋತಿತು ಅಂತ ಬರೆದವು. ಆದರೆ ಸ್ವೀಡನ್ನಿನವರು ಆಸ್ಪತ್ರೆಯಲ್ಲಿ ದಾಖಲಾಗಿದ್ದವರು, ಭ್ರಮೆ ಇದ್ದವರೂ ಅವರಲ್ಲಿದ್ದರು. ಅಮೆರಿಕದ್ದರಲ್ಲಿ ಭ್ರಮೆ ಇದ್ದವರನ್ನು ಬಿಟ್ಟಿದ್ದರು, ಬಹುತೇಕರು ಹೊರರೋಗಿಗಳು, ಇಸಿಟಿ ಶುರುವಾದದ್ದು ಬಲಗಡೆಯ ಅತಿಸಣ್ಣ ಮಿಡಿತದಿಂದ, ಅವಧಿ ಮೂರೇ ವಾರ. ನಿಧಾನವಾದ ವಿಧಾನಕ್ಕೆ ಕಡಿಮೆ ಸಮಯ ಕೊಟ್ಟು ಓಡಿಸಿದ ಹಾಗಾಯಿತು. ಅಂಥ ರೋಗಿಗಳಿಗೆ ಕೆಟಮಿನ್ ಒಳ್ಳೆಯ ಆಯ್ಕೆ ಅನ್ನೋದು ನಿಜವೇ, ಅದನ್ನು ಅಲ್ಲಗಳೆಯೋದು ಬೇಡ.

ಮರೆವಿನ ಬಗ್ಗೆ ಮುಚ್ಚುಮರೆ ಬೇಡ. ಚಿಕಿತ್ಸೆಯ ದಿನಗಳಲ್ಲಿ ಗೊಂದಲ, ಹೊಸದನ್ನು ನೆನಪಿಡಲು ಕಷ್ಟ, ಇವು ಬರುತ್ತವೆ, ಬಹುತೇಕರಲ್ಲಿ ಮುಗಿದ ಕೆಲ ವಾರಗಳಲ್ಲಿ ಹೋಗುತ್ತವೆ. ಆದರೆ ಚಿಕಿತ್ಸೆಗೆ ಹತ್ತಿರದ ತಿಂಗಳುಗಳ ಕೆಲವು ನೆನಪುಗಳು ಕೆಲವರಿಗೆ ವಾಪಸ್ ಬರೋದೇ ಇಲ್ಲ. "ಅದೆಲ್ಲ ಖಿನ್ನತೆಯಿಂದ" ಅಂತ ರೋಗಿಯ ಬಾಯಿ ಮುಚ್ಚಿಸುವ ವೈದ್ಯರು ಇದ್ದಾರೆ, ಅದು ತಪ್ಪು. ಮರೆವಿಗೆ ಹೆದರಿ ನಾಲ್ಕನೇ ಸಲಕ್ಕೇ ಬಿಟ್ಟು ಹೋದರೆ ಎಂಥ ಒಳ್ಳೆಯ ಡೋಸ್ ಇಟ್ಟು ಏನು ಪ್ರಯೋಜನ? ವಾರಕ್ಕೆ ಮೂರರ ಬದಲು ಎರಡು ಸಲ ಮಾಡಿದರೆ ಫಲ ಬರೋದು ಸ್ವಲ್ಪ ನಿಧಾನ, ಮರೆವೂ ಕಡಿಮೆ. ಮುಂದಿನ ದಾರಿಗಳೂ ಇದೇ ದಿಕ್ಕಿನವು. ಕರೆಂಟ್ ಬದಲು ಕಾಂತಶಕ್ತಿಯಿಂದ ಸೆಳೆತ ಬರಿಸುವ ವಿಧಾನವನ್ನು ಮನುಷ್ಯರ ಮೇಲೆ ಮೊದಲು ಮಾಡಿದ್ದು 2000ದಲ್ಲಿ, ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ. ಕಾಂತಶಕ್ತಿಗೆ ತಲೆಬುರುಡೆ ಅಡ್ಡ ಬರೋದಿಲ್ಲ, ಪ್ರಭಾವ ಮೇಲ್ಪದರದಲ್ಲೇ ನಿಲ್ಲುತ್ತದೆ, ನೆನಪಿಗೆ ಸಂಬಂಧಪಟ್ಟ ಆಳದ ಭಾಗಗಳಿಗೆ ಅಷ್ಟು ತಾಗುವುದಿಲ್ಲ. ಇನ್ನು ಕೆಲವರು ಒಬ್ಬೊಬ್ಬರ ಎಂಆರ್‌ಐ ನೋಡಿ, ಅವರ ತಲೆಯೊಳಗೆ ವಿದ್ಯುತ್ ಎಲ್ಲಿ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ಕರೆಂಟ್ ಇಡುವ ಪ್ರಯತ್ನದಲ್ಲಿದ್ದಾರೆ.

ಇಷ್ಟೆಲ್ಲ ಸರಿಯಾಗಿ ಮಾಡಿ ರೋಗಿ ನಗುತ್ತಾ ಮನೆಗೆ ಹೋದರು ಅಂದುಕೊಳ್ಳಿ. ಅತಿ ದೊಡ್ಡ ಸೋರಿಕೆ ಇರೋದು ಇಲ್ಲಿ. 2001ರಲ್ಲಿ ಸ್ಯಾಕೈಮ್ ತಂಡ ಇಸಿಟಿಯಿಂದ ಗುಣವಾದವರನ್ನು ಆರು ತಿಂಗಳು ಹಿಂಬಾಲಿಸಿತು. ಬರೀ ಡಮ್ಮಿ ಮಾತ್ರೆ ತಗೊಂಡವರಲ್ಲಿ 84 ಶೇಕಡಾ ಜನಕ್ಕೆ ಕಾಯಿಲೆ ಮರುಕಳಿಸಿತು. ನಾರ್ಟ್ರಿಪ್ಟಿಲಿನ್ ಎಂಬ ಖಿನ್ನತೆ ಮಾತ್ರೆಯಲ್ಲಿ 60. ಅದರ ಜೊತೆ ಮೂಡ್ ಸ್ಥಿರಗೊಳಿಸುವ ಲಿಥಿಯಂ ಸೇರಿಸಿದವರಲ್ಲಿ 39. ಎಲೆಕ್ಟ್ರೋಡ್ ಜಾಗ, ಮಿಡಿತದ ಅಗಲ ಅಂತ ಗುದ್ದಾಡಿ ಒಂದಷ್ಟು ಗಳಿಸುತ್ತೇವೆ, ಆಮೇಲಿನ ಮಾತ್ರೆಯ ಚೀಟಿಯಲ್ಲಿ ನಲವತ್ತೈದು ಶೇಕಡಾ ಕಳೆಯುತ್ತೇವೆ!

ಮರುಕಳಿಕೆ ಹೆಚ್ಚಾಗಿ ಆಗೋದು ಮೊದಲ ಆರು ತಿಂಗಳಲ್ಲಿ. ಆದರೂ ಎಷ್ಟೋ ಕಡೆ ನಡೆಯೋದು ಏನು? ಖಿನ್ನತೆಯ ಲಕ್ಷಣ ಅಳೆಯುವ ಸ್ಕೋರ್ ಇಳಿಯಿತು, ಇಸಿಟಿ ಥಟ್ಟನೆ ನಿಂತಿತು, ಮುಂಚೆ ನಾಟದೇ ಹೋಗಿದ್ದ ಅದೇ ಮಾತ್ರೆ ಮತ್ತೆ ಶುರು. ಬದಲಿಗೆ ಅಂತರ ಹೆಚ್ಚಿಸುತ್ತಾ ನಿಲ್ಲಿಸಬಹುದು: ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ. 60 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದ ಪ್ರೈಡ್ ಎಂಬ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುಣವಾದವರಲ್ಲಿ ಒಂದು ಗುಂಪಿಗೆ ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆ ಮಾತ್ರೆ ಮತ್ತು ಲಿಥಿಯಂ ಮಾತ್ರ. ಇನ್ನೊಂದು ಗುಂಪಿಗೆ ಅದರ ಜೊತೆ ಮೊದಲ ತಿಂಗಳಲ್ಲಿ 4 ಇಸಿಟಿ, ಆಮೇಲೆ ಲಕ್ಷಣಗಳನ್ನು ಅಳೆದು ಕಾಯಿಲೆ ತಲೆ ಎತ್ತುವ ಸೂಚನೆ ಕಂಡರೆ ಮಾತ್ರ ಇನ್ನೊಂದೆರಡು. 24 ವಾರದ ಕೊನೆಗೆ ಎರಡನೇ ಗುಂಪಿನವರೇ ಮೇಲಿದ್ದರು. ಲಕ್ಷಣ ಇಲ್ಲದವರಿಗೆ ವೇಳಾಪಟ್ಟಿ ಇದೆ ಅಂತ ಸುಮ್ನೆ ಕರೆಸಿ ಕೊಡಲಿಲ್ಲ, ಕಾಯಿಲೆ ಪೂರ್ತಿ ಬೀಳುವ ತನಕ ಕಾಯಲೂ ಇಲ್ಲ. ಇದಕ್ಕೆ ಹೊಸ ಮೆಷಿನ್ ಬೇಕಾಗಿಲ್ಲ. ಇಸಿಟಿ ಮುಗಿಯುವ ಮುಂಚೆಯೇ ಮುಂದಿನ ಆರು ತಿಂಗಳ ಯೋಜನೆಯನ್ನು ಕೂತು ಬರೆಯಬೇಕು, ಮತ್ತೆ ನಿದ್ದೆ ಕೆಟ್ಟು ಮಾತು ಕಡಿಮೆಯಾದರೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಆ ಹಾಳೆಯಲ್ಲಿ ಇರಬೇಕು.